ಒಂದು ಕಿಲೋಮೀಟರಿನ ಯೋಗ ಕ್ಲಾಸು

(ಉಡುಪಿಯಲ್ಲಿ ಹೊಸದಾಗಿ ಯೋಗ ಕಲಿಸಲು ಹೊರಟವರ ಎದುರು ಆಡಿದ ಮಾತಿನ ಬರಹ ರೂಪ. ನಡುನಡುವೆ ಬಂದ ತುಳುವನ್ನು ಆದಷ್ಟು ಕನ್ನಡಕ್ಕೆ ತಂದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಮಾರ್ಕೆಟಿಂಗ್ ಓದಿದವಳಲ್ಲ. ಮಂಗಳೂರಿನ ಬಿಜೈಯಲ್ಲಿ ಯೋಗ ಕಲಿಸುವವಳು. ಶುರು ಮಾಡಿದ್ದು 2015ರಲ್ಲಿ. ಆ ವರ್ಷ ಪ್ರಚಾರಕ್ಕೆ ಅಂತ 18 ಸಾವಿರ ರೂಪಾಯಿ ಕಳೆದುಕೊಂಡೆ. ಆಮೇಲಿನ ಯಾವ ವರ್ಷವೂ ಖರ್ಚು ಎರಡು ಸಾವಿರ ದಾಟಿಲ್ಲ. ಆ 18 ಸಾವಿರದಲ್ಲಿ ಕಲಿತದ್ದನ್ನು ಇವತ್ತು ನಿಮಗೆ ಪುಕ್ಕಟೆ ಕೊಡುತ್ತೇನೆ.

ನಮ್ಮ ಬಿಜೈಗೆ ಹತ್ತಿರವೇ ಕದ್ರಿ ಗುಡ್ಡ. ಅಲ್ಲಿ ಜೋಗಿ ಮಠ ಉಂಟು, ನಾಥ ಪಂಥದ್ದು. ನಾವು ಕ್ಲಾಸಿನಲ್ಲಿ ಅರ್ಧ ಮತ್ಸ್ಯೇಂದ್ರಾಸನ ಮಾಡಿಸುತ್ತೇವಲ್ಲ, ಆ ಮತ್ಸ್ಯೇಂದ್ರನಾಥರ ಪರಂಪರೆ. 12 ವರ್ಷಕ್ಕೊಮ್ಮೆ ಈ ಪಂಥದ ಸಾಧುಗಳು ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲೇ ಕದ್ರಿಗೆ ಬರುತ್ತಾರೆ, ಮಠಕ್ಕೆ ಹೊಸ ಪೀಠಾಧಿಪತಿಯನ್ನು ಕೂರಿಸಲು. 2016ರಲ್ಲಿ ಬಂದಿದ್ದರು. ಯೋಗಕ್ಕಾಗಿ ಅಷ್ಟು ದೂರ ನಡೆಯುವವರು ಅವರೇ ಸೈ. ನಮ್ಮ ಕ್ಲಾಸಿಗೆ ಪಂಪ್‌ವೆಲ್‌ನಿಂದಲೂ ಯಾರೂ ಬರುವುದಿಲ್ಲ. ಬೆಳಗ್ಗೆ ಆರು ಗಂಟೆ, ಜುಲೈ ತಿಂಗಳು, ಹೊರಗೆ ಧೋ ಅಂತ ಮಳೆ. ನೀವಾದರೆ ಬರ್ತಿದ್ರಾ?

ನಾನು ಇದನ್ನು ಯೋಚಿಸಲೇ ಇಲ್ಲ. 2015 ಅಂದರೆ ಮೊದಲ ಯೋಗ ದಿನದ ವರ್ಷ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಜೂನ್ 21ನ್ನು ಯೋಗ ದಿನ ಅಂತ ಘೋಷಿಸಿತ್ತು. ಎಲ್ಲಿ ನೋಡಿದರೂ ಯೋಗದ್ದೇ ಮಾತು. ಈಗ ಶುರು ಮಾಡಿದರೆ ಜನ ನುಗ್ಗಿ ಬರುತ್ತಾರೆ ಅಂದುಕೊಂಡೆ. ನಾಲ್ಕು ಕಡೆ ಫ್ಲೆಕ್ಸ್ ಹಾಕಿಸಿದೆ. ಐದು ಸಾವಿರ ಕರಪತ್ರ ಪ್ರಿಂಟ್ ಮಾಡಿಸಿ ಪೇಪರಿನ ಒಳಗೆ ಇಡಿಸಿದೆ. ಫೇಸ್‌ಬುಕ್‌ನಲ್ಲಿ ಬೂಸ್ಟ್ ಅಂತ ಒಂದು ಬಟನ್ ಕಂಡಿತು, ಅದನ್ನೂ ಒತ್ತಿದೆ.

ಫ್ಲೆಕ್ಸ್ ಮೂರನೇ ದಿನ ಮಾಯ. ತಪ್ಪು ನನ್ನದೇ, ಅನುಮತಿ ತೆಗೆದುಕೊಂಡಿರಲಿಲ್ಲ. ಸಾರ್ವಜನಿಕ ಜಾಗದ ಅಂದ ಕೆಡಿಸಬಾರದು ಅಂತ ನಮ್ಮ ರಾಜ್ಯದಲ್ಲಿ 1981ರ ಕಾಯ್ದೆಯೇ ಉಂಟು, ನನಗೆ ಗೊತ್ತಿರಲಿಲ್ಲ. ಕರಪತ್ರ ನೋಡಿ ಸುರತ್ಕಲ್‌ನಿಂದ ಒಬ್ಬರು ಫೋನ್ ಮಾಡಿದರು. ತುಂಬಾ ಪ್ರೀತಿಯಿಂದ ಮಾತಾಡಿದರು. ಕೊನೆಗೆ, "ಇಲ್ಲೇ ಹತ್ತಿರ ಎಲ್ಲಿಯಾದ್ರೂ ಬ್ರಾಂಚ್ ಉಂಟಾ ಮೇಡಂ?" ಅಂತ ಕೇಳಿದರು. ಫೇಸ್‌ಬುಕ್‌ನಲ್ಲಿ ಜಾಗ ಆರಿಸಬೇಕು ಅಂತಲೇ ನನಗೆ ಗೊತ್ತಿರಲಿಲ್ಲ. ಕಲಬುರಗಿಯಿಂದ ಲೈಕ್ ಬಂತು. ಬೀದರ್‌ನಿಂದ ಒಬ್ಬರು ಕೈ ಮುಗಿದ ಚಿತ್ರ ಹಾಕಿದರು.

ಮೊದಲ ತಿಂಗಳು ಸೇರಿದವರು ನಾಲ್ಕೇ ಜನ. ಹೇಗೆ ಗೊತ್ತಾಯಿತು ಅಂತ ಒಬ್ಬೊಬ್ಬರನ್ನೇ ಕೇಳಿದೆ. ಮೂವರು ನಮ್ಮದೇ ಓಣಿಯವರು, ಗೇಟಿನಲ್ಲಿ ನೇತುಹಾಕಿದ್ದ ಸಣ್ಣ ಬೋರ್ಡು ನೋಡಿ ಬಂದದ್ದು. ಆ ಬೋರ್ಡಿಗೆ ಖರ್ಚಾದದ್ದು 350 ರೂಪಾಯಿ. ನಾಲ್ಕನೆಯವರು ಆ ಮೂವರಲ್ಲಿ ಒಬ್ಬರ ನಾದಿನಿ.

ಅವತ್ತು ಒಂದು ವಿಷಯ ತಲೆಗೆ ಹೋಯಿತು. ನಮ್ಮ ಊರುಗಳಲ್ಲಿ ಯೋಗ ಕ್ಲಾಸಿನ ಮಾರುಕಟ್ಟೆ ಒಂದು ಕಿಲೋಮೀಟರ್. ಜಾಸ್ತಿ ಅಂದರೆ ಒಂದೂವರೆ. ಅದರ ಹೊರಗೆ ಖರ್ಚು ಮಾಡಿದ ಪ್ರತಿ ರೂಪಾಯಿಯೂ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ. ನೀವು ಇವತ್ತು ಇಷ್ಟು ತಿಳಿದುಕೊಂಡು ಎದ್ದು ಹೋದರೂ ನನಗೆ ಬೇಜಾರಿಲ್ಲ. ಆದರೆ ಚಹಾ ಬರಲು ಇನ್ನೂ ಅರ್ಧ ಗಂಟೆ ಉಂಟಂತೆ, ಕೂತುಕೊಳ್ಳಿ.

ಆ ಒಂದು ಕಿಲೋಮೀಟರನ್ನು ನಡೆದೇ ನೋಡಬೇಕು. ಸ್ಕೂಟರಿನಲ್ಲಿ ಹೋದರೆ ಕಾಣುವುದಿಲ್ಲ. ನಾನು ಒಂದು ನೋಟ್‌ಬುಕ್ ಹಿಡಿದು ಒಂದು ವಾರ ಸುತ್ತಿದೆ. ಕಾಪಿಕಾಡಿನ ಕಡೆ ಸ್ವಲ್ಪ, ಮಾರ್ಕೆಟ್ ಕಡೆ ಸ್ವಲ್ಪ, ಕೆಎಸ್‌ಆರ್‌ಟಿಸಿ ಬಸ್‌ಸ್ಟ್ಯಾಂಡಿನ ಹಿಂದೆ ಸ್ವಲ್ಪ. ಎಷ್ಟು ಅಪಾರ್ಟ್‌ಮೆಂಟ್, ಅದರ ಸೆಕ್ರೆಟರಿ ಯಾರು, ವಾಚ್‌ಮನ್ ಯಾರು, ಮೆಡಿಕಲ್ ಶಾಪ್ ಎಲ್ಲಿ, ಹಾಲಿನ ಬೂತ್ ಎಷ್ಟು ಹೊತ್ತಿಗೆ ತೆರೆಯುತ್ತದೆ, ಟೈಲರ್ ಅಂಗಡಿ, ಜೆರಾಕ್ಸ್ ಅಂಗಡಿ, ಭಜನಾ ಮಂದಿರ, ಚರ್ಚು, ರಿಕ್ಷಾ ಪಾರ್ಕು. ಬರೆಯುತ್ತಾ ಹೋದೆ.

ರಿಕ್ಷಾ ಪಾರ್ಕಿನ ಕತೆ ಹೇಳಲೇಬೇಕು. "ಇಲ್ಲಿ ಯೋಗ ಕ್ಲಾಸ್ ಎಲ್ಲಿ" ಅಂತ ಯಾರಾದರೂ ಕೇಳುವುದಿದ್ದರೆ ರಿಕ್ಷಾದವರ ಹತ್ತಿರವೇ ಕೇಳುವುದು. ಅವರಿಗೇ ನನ್ನ ಪರಿಚಯ ಇಲ್ಲದಿದ್ದರೆ ಹೇಗೆ? ಒಂದು ಭಾನುವಾರ ಹೋಗಿ ಮಾತಿಗೆ ನಿಂತೆ. "ಬೆರಿ ಬೇನೆ ಉಂಡಾ?" ಅಂತ ಕೇಳಿದೆ. ಬೆನ್ನು ನೋವು ಉಂಟಾ ಅಂತ. ರಿಕ್ಷಾ ಓಡಿಸುವವರನ್ನು ಅದನ್ನು ಕೇಳಬೇಕಾ! ಅಲ್ಲೇ ರಿಕ್ಷಾಕ್ಕೆ ಒರಗಿ ನಿಂತು ಮಾಡುವ ನಾಲ್ಕು ಚಲನೆ ತೋರಿಸಿದೆ. ಇಪ್ಪತ್ತು ನಿಮಿಷ. ಅವರಲ್ಲಿ ಒಬ್ಬರೂ ನನ್ನ ಕ್ಲಾಸಿಗೆ ಸೇರಿಲ್ಲ. ಅವರ ದುಡಿಮೆಯ ಹೊತ್ತೇ ಬೇರೆ. ಆದರೆ ಇವತ್ತಿಗೂ ಯಾರಾದರೂ ಬೆನ್ನು ಹಿಡಿದುಕೊಂಡು ರಿಕ್ಷಾ ಹತ್ತಿದರೆ, "ಟೀಚರ್ ಹತ್ರ ಒಮ್ಮೆ ಹೋಗಿ ನೋಡಿ ಅಕ್ಕ" ಅಂತ ಅವರೇ ಹೇಳುತ್ತಾರೆ.

ಇನ್ನು ಹೊತ್ತು. ಎಷ್ಟು ಗಂಟೆಗೆ ಕ್ಲಾಸ್ ಇಡುತ್ತೀರಿ ಅನ್ನುವುದೇ ದೊಡ್ಡ ಜಾಹೀರಾತು. ಯೋಗ ಅಂದರೆ ಬೆಳಗ್ಗೆ ಐದೂವರೆ ಅಂತ ನಮ್ಮ ತಲೆಯಲ್ಲಿ ಕೂತಿದೆ. ಆ ಹೊತ್ತಿಗೆ ಬರುವವರು ಯಾರು? ನಿವೃತ್ತರು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಈ ಐದೂ ಬ್ಯಾಂಕ್ ಹುಟ್ಟಿದ್ದು ನಮ್ಮ ಹಳೇ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ. ಹಾಗಾಗಿ ನಿವೃತ್ತ ಬ್ಯಾಂಕ್ ನೌಕರರಿಗೆ ನಮ್ಮಲ್ಲಿ ಬರವಿಲ್ಲ. ಅವರು ಒಳ್ಳೆಯ ವಿದ್ಯಾರ್ಥಿಗಳು. ಹೊತ್ತಿಗೆ ಸರಿಯಾಗಿ ಬರುತ್ತಾರೆ, ಒಂದನೇ ತಾರೀಕಿಗೆ ಫೀಸು ಕೊಡುತ್ತಾರೆ, ಚಿಲ್ಲರೆ ಲೆಕ್ಕವನ್ನೂ ಕೇಳುತ್ತಾರೆ! ಅಪಾರ್ಟ್‌ಮೆಂಟಿನ ಸೆಕ್ರೆಟರಿ ಆಗಿರುವುದೂ ಹೆಚ್ಚಾಗಿ ಅವರೇ. ಆದರೆ ಆ ಹೊತ್ತಿಗೆ ಉಚಿತ ಕ್ಲಾಸುಗಳೂ ನಡೆಯುತ್ತವೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ದುಡ್ಡಿಲ್ಲದೆ ಯೋಗ ಕಲಿಸುವ ಸಮಿತಿ, ಟ್ರಸ್ಟುಗಳು ಬೇಕಾದಷ್ಟಿವೆ. ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಅವರ ಜೊತೆ ಪೈಪೋಟಿಗೆ ಇಳಿಯಬೇಡಿ, ಸೋಲುತ್ತೀರಿ. ಅವರನ್ನು ಬೈಯಲಂತೂ ಹೋಗಬೇಡಿ. ನಾನೇ ಮೊದಲು ಪದ್ಮಾಸನ ಕಲಿತದ್ದು ಅಂಥ ಒಂದು ಕ್ಲಾಸಿನಲ್ಲಿ.

ಅವರು ಇಲ್ಲದ ಹೊತ್ತು ಹುಡುಕಿ. ನನಗೆ ಸಿಕ್ಕಿದ್ದು ಬೆಳಗ್ಗೆ ಹತ್ತೂವರೆ. ಮಕ್ಕಳು ಶಾಲೆಗೆ, ಗಂಡ ಆಫೀಸಿಗೆ, ಗಂಜಿ ಒಲೆಯ ಮೇಲೆ ಬೆಂದು ಮುಗಿದಿದೆ, ಮೀನಿನವಳು ಬಂದು ಹೋಗಿಯಾಯಿತು. ಹೆಂಗಸರಿಗೆ ದಿನದಲ್ಲಿ ಇರುವ ಒಂದೇ ಒಂದು ಖಾಲಿ ಗಂಟೆ ಅದು. ಆಗ ತಿಂಡಿ ತಿಂದು ಎರಡು ಗಂಟೆ ಕಳೆದಿರುತ್ತದೆ, ಹೊಟ್ಟೆಯೂ ಹಗುರ. ಹಾಲ್ ಸಿಗುವುದೂ ಸುಲಭ. ಭಜನಾ ಮಂದಿರದ ಹಾಲ್ ಸಂಜೆ ತುಂಬಿರುತ್ತದೆ, ಹತ್ತೂವರೆಗೆ ಬೆಕ್ಕು ಮಲಗಿರುತ್ತದೆ. ಅರ್ಧ ಬಾಡಿಗೆಗೆ ಕೊಟ್ಟರು. ನನ್ನ ಆದಾಯದಲ್ಲಿ ಅರ್ಧಕ್ಕಿಂತ ಜಾಸ್ತಿ ಇವತ್ತಿಗೂ ಆ ಬ್ಯಾಚಿನದ್ದು.

ಮಣಿಪಾಲದ ಕಡೆಯವರು ಯಾರಾದರೂ ಇದ್ದೀರಾ? ನಿಮಗೆ ವಿದ್ಯಾರ್ಥಿಗಳ ಆಸೆ ಇರಬಹುದು. ಬರುತ್ತಾರೆ, ಇಪ್ಪತ್ತು ಜನ ಒಟ್ಟಿಗೆ ಬರುತ್ತಾರೆ. ಪರೀಕ್ಷೆ ಬಂದರೆ ಇಪ್ಪತ್ತೂ ಜನ ಒಟ್ಟಿಗೆ ಮಾಯ. ಅವರನ್ನೇ ನಂಬಿ ಕ್ಲಾಸಿನ ಹಾಲ್‌ಗೆ ಅಡ್ವಾನ್ಸ್ ಕೊಡಬೇಡಿ.

ಈಗ ಪ್ರದರ್ಶನದ ವಿಷಯ. ಇದರಲ್ಲಿ ನನಗೆ ಒಂದು ಪೆಟ್ಟು ಬಿದ್ದಿದೆ. ಮೈಸೂರಿನ ಯೋಗಗುರು ಕೃಷ್ಣಮಾಚಾರ್ಯರು ಹೀಗೆಯೇ ಊರೂರಲ್ಲಿ ಆಸನ ತೋರಿಸಿ ಜನರನ್ನು ಸೆಳೆದವರು. 1927ರಲ್ಲಿ ಹಾಸನದಲ್ಲಿ ಅವರ ಪ್ರದರ್ಶನ ನೋಡಿದ ಹನ್ನೆರಡು ವರ್ಷದ ಹುಡುಗ ಮರುದಿನವೇ ಕಲಿಯಲು ಹೋದ. ಆ ಹುಡುಗನೇ ಮುಂದೆ ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸ್ ಆದದ್ದು. ಈ ಕತೆ ಕೇಳಿ ನನಗೂ ಹುಮ್ಮಸ್ಸು ಬಂತು. ಒಂದು ಅಪಾರ್ಟ್‌ಮೆಂಟಿನ ವಾರ್ಷಿಕೋತ್ಸವದಲ್ಲಿ ಚಕ್ರಾಸನ, ಮಯೂರಾಸನ, ವೃಶ್ಚಿಕಾಸನ ಎಲ್ಲ ಮಾಡಿ ತೋರಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಸೇರಿದವರು ಸೊನ್ನೆ. ಲಿಫ್ಟಿನ ಹತ್ತಿರ ಒಬ್ಬರು ಅಮ್ಮ ಕೈ ಹಿಡಿದು, "ಚಂದ ಮಾಡ್ತೀರಿ ಟೀಚರ್, ನಮಗೆಲ್ಲ ಇದು ಆಗ್ಲಿಕ್ಕಿಲ್ಲ" ಅಂದರು.

ಹನ್ನೆರಡು ವರ್ಷದ ಹುಡುಗನನ್ನು ಸೆಳೆಯಲು ಮಯೂರಾಸನ ಸರಿ. ಐವತ್ತೆಂಟು ವರ್ಷದ ಮಂಡಿಗೆ ಅದು ಹೆದರಿಕೆ. ಮರುವರ್ಷ ಅದೇ ಅಪಾರ್ಟ್‌ಮೆಂಟಿಗೆ ಹೋದೆ. ಈ ಸಲ ನಾನು ಏನೂ ಮಾಡಿ ತೋರಿಸಲಿಲ್ಲ. ಅವರು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲೇ ಅವರಿಂದ ಮಾಡಿಸಿದೆ. ಕುತ್ತಿಗೆ, ಭುಜ, ಪಾದದ ಗಂಟು, ಕೊನೆಗೆ ಐದು ನಿಮಿಷ ಉಸಿರು. ಒಟ್ಟು ಹದಿನೈದು ನಿಮಿಷ. ಮುಗಿದ ಮೇಲೆ ಒಂಬತ್ತು ಜನ ಹೆಸರು ಬರೆಸಿದರು. ಆ ಅಮ್ಮನೂ ಇದ್ದರು. ಅಂಥ ಹದಿನೈದು ನಿಮಿಷಕ್ಕೆ ಮಹಿಳಾ ಮಂಡಲ, ಸ್ವಸಹಾಯ ಸಂಘ, ಚರ್ಚಿನ ಸ್ತ್ರೀ ಸಂಘಟನೆ, ಯಾರು ಕರೆದರೂ ಹೋಗಿ. ಬೀಡಿ ಕಟ್ಟುವ ಹೆಂಗಸರು ಇರುವ ಕಡೆಗಂತೂ ಕರೆಯದಿದ್ದರೂ ಹೋಗಿ. ಇಡೀ ದಿನ ತಲೆ ಬಗ್ಗಿಸಿ ಮಡಿಲಲ್ಲಿ ಸೂಪು, ಅಂದರೆ ಮೊರ, ಇಟ್ಟು ಕೂರುವವರು ಅವರು. ಅವರಿಂದ ಪೂರ್ತಿ ಫೀಸು ಸಿಗಲಿಕ್ಕಿಲ್ಲ. ಸಿಗದಿದ್ದರೂ ಪರವಾಗಿಲ್ಲ ಅಂತ ನನ್ನ ಲೆಕ್ಕ.

ಚರ್ಚಿನ ಮಾತು ಬಂತಲ್ಲ. ನನ್ನ ಮೊದಲ ಕರಪತ್ರದಲ್ಲಿ ದೊಡ್ಡ ಓಂಕಾರ ಇತ್ತು, ದೀಪ ಇತ್ತು, ಸಂಸ್ಕೃತ ಶ್ಲೋಕ ಇತ್ತು. ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸೊಬ್ಬರು ಎರಡು ವರ್ಷ ಆದ ಮೇಲೆ ಹೇಳಿದರು, "ನೀವು ಏನೋ ಪೂಜೆಯ ಕ್ಲಾಸ್ ಮಾಡುವುದು ಅಂದುಕೊಂಡಿದ್ದೆ." ನೋಡಿ, ಎರಡು ವರ್ಷ. ಅವರಿಗೆ ಮಂಡಿ ನೋವು, ನಾನು ಗೋಡೆಯ ಆಚೆ! ನಮ್ಮ ಒಂದು ಕಿಲೋಮೀಟರಿನ ಒಳಗೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಮಾತಾಡುವವರೂ ಇದ್ದಾರೆ. ಈಗ ನನ್ನ ಕರಪತ್ರದಲ್ಲಿ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಮೂರೇ ಪದ. ಬೆನ್ನು, ಮಂಡಿ, ಉಸಿರು. ಕೆಳಗೆ ಹೊತ್ತು, ಫೀಸು, ದಾರಿ. ಪ್ರಾರ್ಥನೆ ಮಾಡುವವರು ಮಾಡುತ್ತಾರೆ, ಉಳಿದವರು ಕಣ್ಣು ಮುಚ್ಚಿ ಕೂರುತ್ತಾರೆ. ಕೆಲವರಿಗೆ ಇದು ಸರಿ ಕಾಣುವುದಿಲ್ಲ ಅಂತ ಗೊತ್ತು. ನಿಮ್ಮ ಕ್ಲಾಸು, ನಿಮ್ಮ ನಿರ್ಧಾರ.

ಫೀಸು ಬರೆಯಿರಿ ಅಂದೆ. ಬರೆಯಲೇಬೇಕು. ನಮ್ಮವರಿಗೆ ಫೋನ್ ಮಾಡಿ ದುಡ್ಡು ಎಷ್ಟು ಅಂತ ಕೇಳಲು ಸಂಕೋಚ. ಕೇಳುವ ಬದಲು ಸುಮ್ನೆ ಇದ್ದುಬಿಡುತ್ತಾರೆ. ಮತ್ತೆ, ಒಂದು ತಿಂಗಳು ಉಚಿತ ಅಂತ ಹಾಕಬೇಡಿ. ಮೂರು ದಿನ ಸಾಕು. ತಿಂಗಳಿಡೀ ಉಚಿತ ಬಂದವರಿಗೆ ಎರಡನೇ ತಿಂಗಳ 800 ರೂಪಾಯಿ ದಂಡದ ಹಾಗೆ ಕಾಣುತ್ತದೆ.

ಒಂದು ಎಚ್ಚರಿಕೆ. "ಶುಗರ್ ಗುಣ", "ಥೈರಾಯ್ಡ್ ಮಾಯ", "21 ದಿನದಲ್ಲಿ ಬೊಜ್ಜು ಕರಗುತ್ತದೆ" ಅಂತೆಲ್ಲ ಬರೆಯಬೇಡಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಂಡ ಉಂಟು. ಕಾಯ್ದೆ ಬಿಡಿ, ನಮ್ಮ ಜನರೂ ನಂಬುವುದಿಲ್ಲ. 1953ರಲ್ಲೇ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದ ನಾಡು ಇದು. ಈಗಂತೂ ಓಣಿಗೊಬ್ಬ ಡಾಕ್ಟರ್. ಏನೇ ಆದರೂ ಜನ ಡಾಕ್ಟರನ್ನು ಕೇಳಿಯೇ ಬರುವುದು.

ಅದಕ್ಕೆ ನಾನು ಉಲ್ಟಾ ಮಾಡಿದೆ. ನಮ್ಮ ಹತ್ತಿರದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ನೋಡಲು ಹೋದಾಗ ಕರಪತ್ರ ಒಯ್ಯಲಿಲ್ಲ. ಒಂದು ಹಾಳೆ ಒಯ್ದೆ. ಅದರಲ್ಲಿ ನಾನು ಏನೇನು ಮಾಡಿಸುವುದಿಲ್ಲ ಅಂತ ಬರೆದಿತ್ತು. ಬಿಪಿ ಇದ್ದವರಿಗೆ ಶೀರ್ಷಾಸನ ಇಲ್ಲ, ಉಸಿರು ಹಿಡಿದು ನಿಲ್ಲಿಸುವ ಕುಂಭಕ ಇಲ್ಲ. ಡಿಸ್ಕ್ ತೊಂದರೆ ಇದ್ದವರಿಗೆ ಪಶ್ಚಿಮೋತ್ತಾನಾಸನ ಇಲ್ಲ. ಮಂಡಿ ಸವೆದವರಿಗೆ ವಜ್ರಾಸನ ಇಲ್ಲ. ಆಪರೇಷನ್ ಆದವರು ಡಾಕ್ಟರ ಚೀಟಿ ತಂದರೆ ಮಾತ್ರ. ಅವರು ಓದಿ, ಕನ್ನಡಕ ತೆಗೆದು, "ಇಷ್ಟು ಮಂದಿ ಯೋಗದವರು ಬಂದಿದ್ದಾರೆ, ಇದನ್ನು ಯಾರೂ ತರಲಿಲ್ಲ" ಅಂದರು. ಆಮೇಲೆ ಚಿಕಿತ್ಸೆ ಮುಗಿದವರನ್ನು ಅವರೇ ನನ್ನ ಹತ್ತಿರ ಕಳಿಸತೊಡಗಿದರು. ಇದಕ್ಕೆ ಖರ್ಚಾದದ್ದು ಒಂದು ಜೆರಾಕ್ಸ್.

ಇಂಥ ಕಡೆ ನಿಮ್ಮ ಓದಿಗೂ ಬೆಲೆ ಉಂಟು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಯೋಗ ವಿಜ್ಞಾನದ ವಿಭಾಗ ಉಂಟು, ಉಜಿರೆಯಲ್ಲಿ, ಮೂಡುಬಿದಿರೆಯಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಕಾಲೇಜುಗಳಿವೆ. ಅದು ಆಗದವರಿಗೆ ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡಿನ ಪರೀಕ್ಷೆಗಳಿವೆ. ಮನೆಯವರು ಸರ್ಟಿಫಿಕೇಟ್ ಕೇಳುವುದು ಕಡಿಮೆ. ಶಾಲೆ, ಕಂಪನಿಯವರು ಮೊದಲು ಕೇಳುವುದೇ ಅದು.

ಫೋನಿನ ಕೆಲಸ ಬೇಗ ಹೇಳಿಬಿಡುತ್ತೇನೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಕ್ಲಾಸು ಇರಲಿ, ಅದಕ್ಕೆ ದುಡ್ಡಿಲ್ಲ. ಪಿನ್ ಸರಿಯಾದ ಗೇಟಿನ ಮೇಲೆ ಬಿದ್ದಿದೆಯಾ ನೋಡಿ. ನನ್ನದು ಆರು ತಿಂಗಳು ಹಿಂದಿನ ಓಣಿಯ ಗ್ಯಾರೇಜಿನ ಮೇಲೆ ಇತ್ತು. ಚಾಪೆ ಹಿಡಿದು ಬಂದವರನ್ನು ಗ್ಯಾರೇಜಿನ ಹುಡುಗರೇ ಕಳಿಸಿಕೊಡುತ್ತಿದ್ದರು! ಸೂರ್ಯೋದಯದ ಫೋಟೋ ಬೇಡ. ಗೇಟು, ಮೆಟ್ಟಿಲು, ಸ್ಕೂಟರ್ ನಿಲ್ಲಿಸುವ ಜಾಗ, ಚಪ್ಪಲಿ ಬಿಡುವ ಜಾಗ, ಇವುಗಳ ಫೋಟೋ ಹಾಕಿ. ಮಂಡಿ ನೋವಿದ್ದವರು ಮೊದಲು ನೋಡುವುದು ಮೆಟ್ಟಿಲು ಎಷ್ಟು ಅಂತ. ರಿವ್ಯೂ ಬರೆಯಿರಿ ಅಂತ ಕೇಳಿ, ಆದರೆ ಬರೆದರೆ ಫೀಸಿನಲ್ಲಿ ಬಿಡುತ್ತೇನೆ ಅನ್ನಬೇಡಿ. ಅದು ಗೂಗಲ್ ನಿಯಮಕ್ಕೆ ವಿರುದ್ಧ.

ವಾಟ್ಸ್‌ಆ್ಯಪ್ ಬಿಸಿನೆಸ್ ಕೂಡ ಉಚಿತ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುವುದು. ಆದ್ದರಿಂದ ಮೊದಲ ದಿನವೇ ಎದುರಿಗೆ ನಿಲ್ಲಿಸಿ ಸೇವ್ ಮಾಡಿಸಿ. ನಾನು ಕಳಿಸುವುದು ತುಳುವಿನಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶ, ವಾರಕ್ಕೊಂದು. ಗ್ರೂಪ್ ಮಾಡಿದರೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಇಡಿ. ಇಲ್ಲದಿದ್ದರೆ ಗುಡ್ ಮಾರ್ನಿಂಗ್ ಹೂವಿನ ರಾಶಿಯಲ್ಲಿ ನಿಮ್ಮ ಕ್ಲಾಸು ಮುಚ್ಚಿಹೋಗುತ್ತದೆ.

ಫೋಟೋದ ವಿಷಯ ಮಾತ್ರ ಸಣ್ಣದಲ್ಲ. ಒಮ್ಮೆ ಒಬ್ಬ ವಿದ್ಯಾರ್ಥಿನಿಯ ತ್ರಿಕೋನಾಸನದ ಫೋಟೋ ಸ್ಟೇಟಸ್‌ನಲ್ಲಿ ಹಾಕಿದೆ. ಕೇಳಿರಲಿಲ್ಲ. ಚಂದ ಬಂದಿತ್ತು, ಅವಳಿಗೂ ಖುಷಿಯಾಗುತ್ತದೆ ಅಂದುಕೊಂಡೆ. ಆ ಸ್ಟೇಟಸ್ ಅವಳ ಅತ್ತೆಯ ಮನೆಯವರಿಗೆ ಮುಟ್ಟಿತು. ಮರುದಿನದಿಂದ ಅವಳು ಬರಲಿಲ್ಲ. ಅವಳ ಜೊತೆ ಬರುತ್ತಿದ್ದ ಇಬ್ಬರೂ ಬರಲಿಲ್ಲ. ನಾನು ಮನೆಗೆ ಹೋಗಿ ತಪ್ಪಾಯಿತು ಅಂದೆ, ಚಹಾ ಕೊಟ್ಟರು, ಆದರೆ ತಿರುಗಿ ಬರಲಿಲ್ಲ. ಈಗ ಬೆನ್ನ ಹಿಂದಿನಿಂದ ತೆಗೆದ ಫೋಟೋ ಆದರೂ ಕೇಳಿಯೇ ಹಾಕುತ್ತೇನೆ.

ಯಾವಾಗ ಶುರು ಮಾಡಬೇಕು? ಇದನ್ನು ಬೆಂಗಳೂರಿನವರು ಹೇಳಿಕೊಡಲು ಆಗುವುದಿಲ್ಲ, ನಮ್ಮ ಕ್ಯಾಲೆಂಡರೇ ಬೇರೆ. ದೀಪಾವಳಿ ಕಳೆದರೆ ಯಕ್ಷಗಾನ, ಕೋಲ, ನೇಮ, ಬ್ರಹ್ಮಕಲಶ, ಮದುವೆ. ರಾತ್ರಿ ಆಟ ನೋಡಿದವರು ಬೆಳಗ್ಗೆ ಸೂರ್ಯನಮಸ್ಕಾರಕ್ಕೆ ಏಳುತ್ತಾರಾ? ಏಪ್ರಿಲ್, ಮೇಯಲ್ಲಿ ಮುಂಬೈಯವರು, ಗಲ್ಫಿನವರು ಊರಿಗೆ ಬಂದು ಮನೆ ತುಂಬ ನೆಂಟರು. ಮೇ ಕೊನೆಗೆ ಪತ್ತನಾಜೆ ಅನ್ನುವ ದಿನ ಯಕ್ಷಗಾನ ಮೇಳಗಳು ಆ ವರ್ಷದ ಆಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ಅಲ್ಲಿಂದ ನಮ್ಮ ಸೀಸನ್. ಜೂನ್‌ನಲ್ಲಿ ಶಾಲೆ ಶುರು, ಹತ್ತೂವರೆ ಖಾಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳುವರ ಆಟಿ ತಿಂಗಳಲ್ಲಿ ಯಾರೂ ಹೊಸ ಕೆಲಸ ಶುರು ಮಾಡುವುದಿಲ್ಲ, ಆದರೆ ಮದುವೆಯೂ ಇಲ್ಲ, ನೇಮವೂ ಇಲ್ಲ, ಜನ ಮನೆಯಲ್ಲೇ ಇರುತ್ತಾರೆ. ನಾನು ಅದಕ್ಕೆ ಉದ್ಘಾಟನೆ ಅನ್ನುವುದಿಲ್ಲ. "ಸುಮ್ನೆ ಮೂರು ದಿನ ಬಂದು ನೋಡಿ" ಅನ್ನುತ್ತೇನೆ. ನನ್ನ ಹಾಜರಿ ಪುಸ್ತಕದಲ್ಲಿ ಜಾಸ್ತಿ ಹೆಸರು ಸೇರುವುದು ಆಟಿಯಲ್ಲೇ. ಒಂದೇ ಷರತ್ತು, ಶೀಟು ಹೊದೆಸಿದ ಹಾಲ್ ತೆಗೆದುಕೊಳ್ಳಬೇಡಿ. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬರುವ ಊರು ನಮ್ಮದು. ಶೀಟಿನ ಮೇಲೆ ಮಳೆ ಬಿದ್ದರೆ "ಉಸಿರು ಬಿಡಿ" ಅಂದದ್ದು ನಿಮಗೇ ಕೇಳುವುದಿಲ್ಲ.

ಜೂನ್ 21ಕ್ಕೆ ಎಲ್ಲರೂ ಕರೆಯುತ್ತಾರೆ, ಶಾಲೆಯವರು, ಬ್ಯಾಂಕಿನವರು, ಕ್ಲಬ್ಬಿನವರು. ಎಲ್ಲರಿಗೂ ಅದೇ ದಿನ, ಅದೇ ಏಳು ಗಂಟೆ. ಒಂದು ಕಡೆ ಒಪ್ಪಿಕೊಳ್ಳಿ. ಉಳಿದವರಿಗೆ, "ಹಿಂದಿನ ವಾರ ಬಂದು ಅಭ್ಯಾಸ ಮಾಡಿಸ್ತೇನೆ" ಅನ್ನಿ. ಆ ದಿನ ಶಾಲು ಹೊದೆಸಿ ಕಳಿಸುತ್ತಾರೆ, ಹೆಸರು ಕೂಡ ಕೇಳುವುದಿಲ್ಲ. ಹಿಂದಿನ ವಾರ ಮೂರು ದಿನ ಹೋದರೆ ಅಲ್ಲಿನ ಟೀಚರುಗಳ ಸೊಂಟ ನೋವು ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆಗಳು ಬಂದವು. ಒಬ್ಬರು ಜಿಎಸ್‌ಟಿ ಬೇಕಾ ಅಂತ ಕೇಳಿದರು. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. ದಾಟಿದ ದಿನ ನನ್ನನ್ನು ಊಟಕ್ಕೆ ಕರೆಯಿರಿ ಅಂದೆ.

ಕೊನೆಗೆ ಹೆಬ್ರಿ ಕಡೆಯ ಒಬ್ಬ ಹುಡುಗ ಎದ್ದ. "ಅಕ್ಕ, ನಿಮ್ಮ ಒಂದು ಕಿಲೋಮೀಟರಿನಲ್ಲಿ ಅಪಾರ್ಟ್‌ಮೆಂಟ್ ಉಂಟು. ನಮ್ಮಲ್ಲಿ ಇರುವುದು ಹದಿನಾರು ಮನೆ, ನಡುವೆ ತೋಟ." ಒಳ್ಳೆಯ ಪ್ರಶ್ನೆ. ನಾನು ಸ್ವಲ್ಪ ಯೋಚಿಸಬೇಕಾಯಿತು. ಅವನನ್ನೇ ತಿರುಗಿ ಕೇಳಿದೆ, ದಿನಾ ಎಲ್ಲರೂ ಸೇರುವ ಜಾಗ ಯಾವುದು?

"ಹಾಲಿನ ಸೊಸೈಟಿ."

"ಎಷ್ಟು ಹೊತ್ತಿಗೆ?"

"ಬೆಳಗ್ಗೆ ಏಳರ ಒಳಗೆ ಹಾಲು ಹಾಕಿ ಆಗ್ತದೆ. ಆಮೇಲೆ ಅರ್ಧ ಗಂಟೆ ಅಲ್ಲೇ ಹರಟೆ, ಪಟ್ಟಾಂಗ."

"ಮೇಲೆ ಹಾಲ್ ಉಂಟಾ?"

"ಉಂಟು. ಪಶು ಆಹಾರದ ಗೋಣಿ ಇಟ್ಟಿದ್ದಾರೆ."

ಗೋಣಿ ಒಂದು ಬದಿಗೆ ಸರಿಸಲು ಆಗುತ್ತದಾ ಅಂತ ಸೊಸೈಟಿಯ ಸೆಕ್ರೆಟರಿಯನ್ನು ನಾಳೆ ಬೆಳಗ್ಗೆಯೇ ಕೇಳು ಅಂದೆ. ಹಟ್ಟಿಯಲ್ಲಿ ಬಗ್ಗಿ ಹಾಲು ಕರೆದು ಬಂದವರ ಸೊಂಟದಿಂದಲೇ ಶುರು ಮಾಡು, ಪಟ್ಟಾಂಗಕ್ಕೆ ಹತ್ತು ನಿಮಿಷ ಬಿಟ್ಟು.